ಅರಸೀಕೆರೆಯ ಕರಿ ಇಂಜಿನ್ನುಗಳು

ಮೀಟರ್‌ಗೇಜ್ ಕಾಲದ ಅರಸೀಕೆರೆಯಲ್ಲಿ ಹೆಂಗಸರು ಬಟ್ಟೆ ಒಣಹಾಕುವ ಮೊದಲು ಗಾಳಿ ಯಾವ ಕಡೆಗಿದೆ ಎಂದು ನೋಡುತ್ತಿದ್ದರು. ಲೋಕೋ ಶೆಡ್ಡಿನ ಹೊಗೆ ಊರ ಮೇಲೆ ತಿರುಗಿತೆಂದರೆ ಬಿಳಿ ಪಂಚೆಗಳ ಗತಿ ಮುಗಿಯಿತು. ಆದರೂ ಆ ಹೊಗೆಯನ್ನು ಯಾರೂ ಮನಸಾರೆ ಬೈದ ನೆನಪಿಲ್ಲ. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ದಾರಿಗಳು ಕೂಡುವ ಆ ಜಂಕ್ಷನ್ನಿನಲ್ಲಿ ಎಷ್ಟೋ ಮನೆಗಳ ಅನ್ನ ಬೇಯುತ್ತಿದ್ದದ್ದು ಅದರಿಂದಲೇ.

ನಾವು ಹುಡುಗರು ನೋಡಿ ನೋಡಿಯೇ ಇಂಜಿನ್ನಿನ ವಯಸ್ಸು ಹೇಳುತ್ತಿದ್ದೆವು. ಶಂಟಿಂಗಿಗೆ ಉಳಿದಿದ್ದ ಬ್ರಿಟಿಷರ ಕಾಲದ ಮುದಿ ಇಂಜಿನ್ನುಗಳಿಗೆ ಮೈ ಸಣ್ಣ, ಚಿಮಣಿ ಉದ್ದ. ಎಕ್ಸ್‌ಪ್ರೆಸ್ಸಿಗೆ ಬರುತ್ತಿದ್ದ ‘ವೈಪಿ’ಯ ಗತ್ತೇ ಬೇರೆ. 1949ರಿಂದ ಬರತೊಡಗಿದ ತಳಿ ಅದು. ಮೊದಮೊದಲು ಹೊರದೇಶದಿಂದ, ಆಮೇಲೆ ಜಮ್‌ಷೆಡ್‌ಪುರದ ಟೆಲ್ಕೋದಿಂದ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಅದಕ್ಕೆ ಅಗಲವಾದ ಒಲೆ ಬೇಕು. ಆ ಒಲೆಯ ಭಾರ ಹೊರಲೆಂದೇ ಹಿಂದೆ ಒಂದು ಜೊತೆ ಸಣ್ಣ ಚಕ್ರ. ವೈಪಿಯಲ್ಲಿದ್ದ ಸೂಪರ್‌ಹೀಟರ್ ಎಂದರೇನೆಂದು ನಮ್ಮ ಬೀದಿಯ ಫಿಟ್ಟರ್ ಮಾಮ ಜಗಲಿಯ ಮೇಲೆ ಕೂತು ಹೇಳಿದ್ದರು: “ಬಾಯ್ಲರಿಂದ ಬಂದ ಉಗಿ ಹಸಿ ಸೌದೆ ಇದ್ದ ಹಾಗೆ ಕಣೋ. ಸಿಲಿಂಡರಿಗೆ ಹೋಗಿ ನೀರಾಗಿ ಬಿಡತ್ತೆ. ಬಿಸಿ ಕೊಳವೇಲಿ ಇನ್ನೊಂದು ಸಲ ಹಾಯಿಸಿ ಒಣಗಿಸಿದರೆ, ಅಷ್ಟೇ ಇದ್ದಲಿಗೆ ಹೆಚ್ಚು ಓಡತ್ತೆ.” ಯಾವ ಮೇಷ್ಟರೂ ನನಗೆ ಭೌತಶಾಸ್ತ್ರವನ್ನು ಇಷ್ಟು ಚೆನ್ನಾಗಿ ಹೇಳಿಕೊಡಲಿಲ್ಲ.

ಆಗ ಯಂತ್ರ ತನ್ನ ಕೆಲಸವನ್ನು ಬಚ್ಚಿಡುತ್ತಿರಲಿಲ್ಲ. ಪಿಸ್ಟನ್ ತಳ್ಳುವುದು, ಸರಳು ಎಳೆಯುವುದು, ಚಕ್ರ ಒಮ್ಮೆ ಜಾರಿ ಮತ್ತೆ ಹಿಡಿತ ಕಂಡುಕೊಳ್ಳುವುದು ಎಲ್ಲವೂ ಪ್ಲಾಟ್‌ಫಾರಮ್ಮಿನಿಂದಲೇ ಕಾಣುತ್ತಿತ್ತು. ಗಾಡಿ ನಿಂತೊಡನೆ ಡ್ರೈವರ್ ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ಇಳಿದು, ಕೀಲುಕೀಲಿಗೂ ಎಣ್ಣೆ ಬಿಟ್ಟು, ಅಂಗೈ ಇಟ್ಟು ಬಿಸಿ ನೋಡುತ್ತಿದ್ದ. ಇಂದಿನ ವಿದ್ಯುತ್ ಇಂಜಿನ್ನು ತಗಡಿನ ಗೋಡೆಯ ಹಿಂದೆ ಗುಂಯ್‌ಗುಡುತ್ತದೆ. ಕಿಟಕಿಯ ಮಗುವಿಗೆ ತೋರಿಸಲು ಏನಿದೆ? ಮಗುವಾದರೂ ಕಿಟಕಿಯಾಚೆ ನೋಡುತ್ತದೆಯೇ, ಕೈಯಲ್ಲಿ ಮೊಬೈಲಿದೆ.

ಹಾಗೆಂದು ಆ ಕಾಲವೇ ಇರಬೇಕಿತ್ತೆನ್ನಲು ನನಗೆ ಬಾಯಿಲ್ಲ. ಬೇಸಿಗೆಯಲ್ಲೂ ಬೆಂಕಿಯೆದುರು ನಿಂತು ಸಲಿಕೆ ಸಲಿಕೆ ಇದ್ದಲು ಎರಚುತ್ತಿದ್ದ ಫೈರ್‌ಮನ್ನರ ಕೆಮ್ಮನ್ನು ಅವರ ಮನೆಯವರು ಬಲ್ಲರು. ಅಷ್ಟು ಸುಟ್ಟರೂ ಚಕ್ರಕ್ಕೆ ದಕ್ಕುತ್ತಿದ್ದದ್ದು ಇದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲೂ ಅಲ್ಲ. ಡೀಸೆಲ್ ಗೆದ್ದದ್ದು ನ್ಯಾಯವೇ. 1972ರಲ್ಲಿ ಚಿತ್ತರಂಜನ್ ಕಾರ್ಖಾನೆ ಕೊನೆಯ ಉಗಿ ಇಂಜಿನ್ನನ್ನು ಹೊರಗೆ ಕಳಿಸಿತು; ಅದು ಮೀಟರ್‌ಗೇಜಿನದೇ. 90ರ ದಶಕದಲ್ಲಿ ನಮ್ಮ ದಾರಿಗಳು ಬ್ರಾಡ್‌ಗೇಜ್ ಆದಾಗ ಆ ಇಂಜಿನ್ನುಗಳಿಗೆ ಹಳಿಯೇ ಇಲ್ಲದಂತಾಯಿತು.

ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ, ಸಂತೋಷ. ಆದರೆ ಬಣ್ಣ ಬಳಿದು ನಿಲ್ಲಿಸಿದರೆ ಉಳಿಯುವುದು ಕಬ್ಬಿಣ. ಯಾವ ಏರಿಗೆ ಎಷ್ಟು ಸಲಿಕೆ ಇದ್ದಲು, ಯಾವ ಸದ್ದಿಗೆ ಯಾವ ನಟ್ಟು ಸಡಿಲ ಎಂಬುದು ತಲೆಯಲ್ಲಿದ್ದವರಲ್ಲಿ ಕೆಲವರು ಇನ್ನೂ ಅರಸೀಕೆರೆ, ಹುಬ್ಬಳ್ಳಿ, ಮೈಸೂರಿನ ಮನೆಗಳಲ್ಲಿದ್ದಾರೆ. ನಿಮ್ಮ ಮನೆಯಲ್ಲಿ ಅಂಥ ಅಜ್ಜ ಇದ್ದರೆ, ಈ ವಾರವೇ ಕೂತು ಕೇಳಿ, ಬರೆದಿಡಿ.