ಇಕೋ ಬಟನ್ನಿನ ಹಮ್ಮು

ನನ್ನ ಕಾರು ಲೀಟರಿಗೆ ಎಷ್ಟು ಕೊಡುತ್ತದೆ ಅಂತ ಕೇಳದವರಿಗೂ ಹೇಳುತ್ತಿದ್ದೆ. ಯಾದಗಿರಿಯಿಂದ ಶಹಾಪುರ ಹಾದು ಸುರಪುರಕ್ಕೆ ಕೆಲಸದ ಮೇಲೆ ಓಡಾಡುವವನಿಗೆ ಪೆಟ್ರೋಲ್ ಖರ್ಚು ಸಣ್ಣದಲ್ಲ. ಗೇರಿನ ಪಕ್ಕದ, ಪೆಟ್ರೋಲ್ ಉಳಿಸುವ ಇಕೋ ಬಟನ್ ಒಮ್ಮೆ ಒತ್ತಿದವನು ಮತ್ತೆ ಮುಟ್ಟಲಿಲ್ಲ. ಮೀಟರಿನಲ್ಲಿ ಹಸಿರು ಎಲೆ ಕಂಡರೆ ದುಡ್ಡು ಉಳಿಯಿತೆಂಬ ಸಮಾಧಾನ. ಕಾರಿನ ಜೊತೆ ಕೊಟ್ಟ ಪುಸ್ತಕ ಪ್ಲಾಸ್ಟಿಕ್ ಚೀಲ ಸಮೇತ ಖಾನೆಯಲ್ಲಿ ಬಿದ್ದಿತ್ತು.

ಮೊದಲು ಕೈಕೊಟ್ಟದ್ದು ಎ.ಸಿ. ಹಾಗಂತ ನಾನು ತಿಳಿದೆ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸತಲ್ಲ. ಹಿಂದಿನ ಸೀಟಿನಲ್ಲಿ ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಕಿಡಕಿ ತಗಿ ತಮ್ಮಾ, ಇದರಕಿಂತ ಹೊರಗಿನ ಗಾಳಿನೇ ಪಾಡ ಅದ" ಅಂದಳು. ಗ್ಯಾಸ್ ಸೋರಿರಬೇಕೆಂದು ಮೆಕ್ಯಾನಿಕ್ ಹತ್ತಿರ ಒಯ್ದೆ. ಆತ ಗೇಜು ಹಚ್ಚಿ ನೋಡಿ, "ಗ್ಯಾಸ್ ಬರೋಬರಿ ಅದರಿ ಸರ. ಇಕೋ ಒತ್ತಿಟ್ಟು ಥಂಡಿ ಬೇಕಂದ್ರ ಎಲ್ಲಿಂದ ತರ್ಬೇಕ್ರಿ ಅದು?" ಅಂದ. ಅನೇಕ ಕಾರುಗಳಲ್ಲಿ ಇಕೋ ಇದ್ದಾಗ ಎ.ಸಿ. ಕಂಪ್ರೆಸರ್ ಪೂರ್ತಿ ದುಡಿಯುವುದಿಲ್ಲ. ಇಂಜಿನ್ನಿನ ಭಾರ ಇಳಿಸಲೆಂದು ನಡುನಡುವೆ ನಿಲ್ಲುತ್ತದೆ. ಅವನೆದುರು ಬಟನ್ ಬಂದ್ ಮಾಡಿದೆ. ಊರು ದಾಟಿದ್ದೇ ಮತ್ತೆ ಒತ್ತಿದೆ. ಚಟ ಅಂದರೆ ಇದೇ ಇರಬೇಕು.

ಅದರ ಫಲ ಅದೇ ಬೇಸಿಗೆಯಲ್ಲಿ ಶಹಾಪುರ–ಸುರಪುರ ರಸ್ತೆಯ ಮೇಲೆ ಸಿಕ್ಕಿತು. ನಾರಾಯಣಪುರ ಡ್ಯಾಮಿನ ಕಾಲುವೆ ನೀರು ಬಂದಲ್ಲೆಲ್ಲ ಭತ್ತ. ರಾಶಿ ಮುಗಿದರೆ ಹುಲ್ಲು ಹೇರಿದ ಟ್ರ್ಯಾಕ್ಟರುಗಳ ಸಾಲು. ಅಂಥದೊಂದು ಎರಡೂ ಬದಿಗೆ ಹೊರಚಾಚಿದ ಹೊರೆ ಹೊತ್ತು ನನ್ನ ಮುಂದೆ ತೂಗಾಡುತ್ತ ಹೊರಟಿತ್ತು. ಹುಲ್ಲಿನ ಎಳೆಗಳು ಹಾರಿ ಬಂದು ವೈಪರಿನ ಸಂದಿಗೆ ಸಿಕ್ಕಿಕೊಳ್ಳುತ್ತಿದ್ದವು. ಎದುರಿಗೆ, ದೂರದಲ್ಲಿ, ಒಂದು ಲಾರಿ. ಆಗುತ್ತದೆ ಅಂದುಕೊಂಡು ಬಲಕ್ಕೆ ತೆಗೆದು ಎಕ್ಸಲರೇಟರ್ ಒತ್ತಿದರೆ ಪಿಕಪ್ಪೇ ಇಲ್ಲ. ಟ್ರ್ಯಾಕ್ಟರಿನ ಸರಿಸಮಕ್ಕೆ ಬಂದ ಕಾರು ಮುಂದೆ ಹೋಗಲೊಲ್ಲದು. ಕಾಲು ಪೂರ್ತಿ ಒತ್ತಬಹುದಿತ್ತು, ಬ್ರೇಕ್ ಹಿಡಿದು ಹಿಂದೆ ಸರಿಯಬಹುದಿತ್ತು. ಎರಡೂ ಬಿಟ್ಟು, ಇಕೋ ಬಂದ್ ಮಾಡಲು ಕಣ್ಣು ಕೆಳಗೆ ಹಾಕಿ ಬಟನ್ ಹುಡುಕಿದೆ! ತಲೆ ಎತ್ತಿದಾಗ ಲಾರಿಯವ ಲೈಟ್ ಹೊಡೆಯುತ್ತ ರಸ್ತೆ ಬಿಟ್ಟು ಮಣ್ಣಿಗೆ ಇಳಿದಿದ್ದ. ನಾನು ಉಳಿದದ್ದು ಅವನ ಪುಣ್ಯದಿಂದ.

ಅಂದು ರಾತ್ರಿ ಚೀಲ ಹರಿದು ಪುಸ್ತಕ ಓದಿದೆ. ಉಳಿದದ್ದನ್ನು ಆ ಮೆಕ್ಯಾನಿಕ್ ಬಿಡಿಸಿ ಹೇಳಿದ. ಈಗಿನ ಕಾರುಗಳಲ್ಲಿ ಎಕ್ಸಲರೇಟರಿನಿಂದ ಇಂಜಿನ್ನಿಗೆ ಕೇಬಲ್ ಇಲ್ಲ. ಕಾಲು ಎಷ್ಟು ಒತ್ತಿತೆಂದು ಸೆನ್ಸರ್ ಹೇಳುತ್ತದೆ, ಎಷ್ಟು ಕೊಡಬೇಕೆಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಇಕೋದಲ್ಲಿ ಅದು ಜಿಪುಣ. ಅರ್ಧ ಒತ್ತಿದರೆ ಎಂದಿಗಿಂತ ಕಡಿಮೆ ಬಲ. ಆಟೊಮ್ಯಾಟಿಕ್ ಆದರೆ ಬೇಗ ಮೇಲಿನ ಗೇರಿಗೆ ಹೋಗಿ ಅಲ್ಲೇ ಕೂರುತ್ತದೆ. ಬಹಳಷ್ಟು ಕಾರುಗಳಲ್ಲಿ ತಳಕ್ಕೆ ಮುಟ್ಟುವಂತೆ ತುಳಿದರೆ ಇಕೋ ಇದ್ದರೂ ಪೂರ್ಣ ಬಲ ಸಿಗುತ್ತದೆ. ಮೆಲ್ಲಗೆ ಒತ್ತಿ ಒತ್ತಿ ನನ್ನ ಕಾಲಿಗೆ ಹಾಗೆ ತುಳಿಯುವುದೇ ಮರೆತಿತ್ತು.

ಇಷ್ಟೆಲ್ಲ ಮಾಡಿ ಉಳಿಸಿದ್ದಾದರೂ ಏನು? ಸಪಾಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕಾರು ಬೇಡುವ ಬಲ ಅಷ್ಟೇ, ಇಕೋ ಇದ್ದರೂ ಇರದಿದ್ದರೂ. ಅಲ್ಲಿ ಪೆಟ್ರೋಲ್ ತಿನ್ನುವುದು ಗಾಳಿಯ ತಡೆ: 80ರಿಂದ 100ಕ್ಕೆ ಏರಿದರೆ ತಡೆ ಒಂದೂವರೆ ಪಟ್ಟು ಮೀರುತ್ತದೆ. ನಾನು ಇಕೋ ಇದೆಯಲ್ಲ ಎಂಬ ಧೈರ್ಯದಲ್ಲಿ 100ರ ಮೇಲೆ ಓಡಿಸುತ್ತಿದ್ದೆ.

ಈಗ ಯಾದಗಿರಿಯ ಸ್ಟೇಷನ್ ರೋಡಿನಲ್ಲಿ, ಶಹಾಪುರದ ಬಸ್ ಸ್ಟ್ಯಾಂಡ್ ಗದ್ದಲದಲ್ಲಿ, ನಿಂತು ಹೊರಡುವಲ್ಲೆಲ್ಲ ಇಕೋ ಇರುತ್ತದೆ. ಊರು ಬಿಡುವ ಮೊದಲೇ ಬಂದ್. ಸುರಪುರದಲ್ಲಿ ಟೇಲರ್ ಮಂಜಿಲ್ ಕಡೆ ಗುಡ್ಡ ಏರುವಾಗಲೂ ಬಂದ್. ಕೆಲವು ಕಾರು ಆಫ್ ಮಾಡಿದರೆ ಇಕೋ ಮರೆತುಬಿಡುತ್ತವೆ, ನನ್ನದು ಮರೆಯುವುದಿಲ್ಲ. ಬೆಲ್ಟ್ ಹಾಕುವಾಗಲೇ ಮೀಟರ್ ನೋಡಿಕೊಳ್ಳುತ್ತೇನೆ. ಮೇ ತಿಂಗಳಲ್ಲಿ ಅವ್ವ ಹತ್ತಿದಳೆಂದರೆ ಊರೊಳಗೂ ಇಕೋ ಇಲ್ಲ.