ಹಳೆಯ ಬೊಲೆರೊ ನೋಡಲು ಹೋದದ್ದು

ನಮ್ಮ ಮನೆಗೊಂದು ಗಾಡಿ ಬೇಕೆಂಬ ಮಾತು ಎದ್ದದ್ದು ಅಜ್ಜಿಯ ಮಂಡಿನೋವಿನಿಂದ. ಆನೇಮಹಲಿನಲ್ಲಿ ಮಂಗಳೂರು ಹೆದ್ದಾರಿಯನ್ನು ಬಿಟ್ಟು ನಮ್ಮ ಮನೆಯ ಮಣ್ಣುದಾರಿಗೆ ಇಳಿಯಲು, ಆಷಾಢದ ಮಳೆಯಲ್ಲಿ ಆಟೋದವರು ಒಲ್ಲರು. ಅಂತಹ ದಾರಿಗೆ ಬೊಲೆರೊ ಜೀಪೇ ಸರಿಯೆಂದು ತಂದೆಯವರ ತೀರ್ಮಾನ. ಹೊಸದನ್ನು ಕೊಳ್ಳುವ ಶಕ್ತಿ ನಮಗೆಲ್ಲಿಯದು? 2014ರಲ್ಲಿ ನೋಂದಣಿಯಾದ ಗಾಡಿಯೊಂದು ಮಾರಾಟಕ್ಕಿದೆಯೆಂದು ತಿಳಿದು, ಒಂದು ಭಾನುವಾರ ಬೆಳಿಗ್ಗೆ ನಾವಿಬ್ಬರೂ ಬಸ್ಸು ಹತ್ತಿದೆವು.

ತಂದೆಯವರು ಓದಿದ್ದು ನಾಲ್ಕನೆಯ ತರಗತಿ. ಆದರೆ ಕಾಫಿತೋಟದಲ್ಲಿ ಇಪ್ಪತ್ತು ವರ್ಷ ಜೀಪು ಓಡಿಸಿದ ಅವರು ಗಾಡಿಯ ಮುಂದೆ ಪಂಡಿತರೇ ಸರಿ. ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. "ತಣ್ಣಗಿದೆ. ಮೊದಲೇ ಬಿಸಿ ಮಾಡಿಟ್ಟಿದ್ರೆ ಇಂಜಿನ್ನಿನ ಕಷ್ಟ ಗೊತ್ತಾಗಲ್ಲ" ಎಂದರು. ಸ್ಟಾರ್ಟು ಮಾಡಿಸಿ ಹೊಗೆಯ ಬಣ್ಣ ನೋಡಿದರು. ನೀಲಿ ಹೊಗೆ ಆಯಿಲು ಸುಡುವುದರ ಗುರುತಂತೆ. ಸೀಟು ಬೆಲ್ಟನ್ನು ಕೊನೆಯವರೆಗೆ ಎಳೆದು, ಕಾಲಡಿಯ ಮ್ಯಾಟು ಎತ್ತಿ, ನೆರೆನೀರಿನ ಕೆಸರು ಕೂತಿದೆಯೇ ಎಂದು ಹುಡುಕಿದರು. ಮೀಟರು 60,000 ಕಿ.ಮೀ. ತೋರಿಸುತ್ತಿತ್ತು, ಅವರು ಸವೆದುಹೋದ ಕ್ಲಚ್ಚಿನ ರಬ್ಬರನ್ನು ನನಗೆ ತೋರಿಸಿ ಮೆಲ್ಲಗೆ ನಕ್ಕರು. ಅಂಗಿ ಕೊಳೆಯಾಗುವುದನ್ನೂ ಲೆಕ್ಕಿಸದೆ ಅಡಿಗೆ ಮಲಗಿ, ಮಳೆಗೆ ತುಕ್ಕು ಎಷ್ಟು ಹಿಡಿದಿದೆಯೆಂದು ತಟ್ಟಿ ತಟ್ಟಿ ಕೇಳಿದರು. ಕಡೆಗೆ ಬೆಲೆ ಸ್ವಲ್ಪ ಇಳಿಸಿಕೊಂಡು, ಮುಂಗಡಕ್ಕೆಂದು ಜೇಬಿಗೆ ಕೈಹಾಕಿದರು.

ಆಗ ನಾನು, "ಅಪ್ಪಾ, ಆರ್.ಸಿ. ನೋಡೋಣ" ಎಂದೆ. ಮಾರುವವರ ಮುಖ ಗಂಟಿಕ್ಕಿತು. ತಂದೆಯವರಿಗೂ ಸಂಕೋಚ, ನಾಲ್ಕು ಜನರ ಮುಂದೆ ಆಡಿದ ಮಾತೇ ಅವರಿಗೆ ಪತ್ರ. ಆದರೂ ಸುಮ್ಮನಿದ್ದರು. ಚಾಸಿಸ್ ಸಂಖ್ಯೆ ತಾಳೆಯಾಯಿತು. ಆದರೆ ಆರ್.ಸಿ.ಯಲ್ಲಿದ್ದ ಹೆಸರು ಮಾರುವವರದಲ್ಲ! ಮೊಬೈಲಿನಲ್ಲಿ ಸರ್ಕಾರದ ಎಂ-ಪರಿವಾಹನ್ ತೆರೆದು ನೋಡಿದರೆ, ಗಾಡಿಯ ಮೇಲಿನ ಸಾಲವೂ ಇನ್ನೂ ಅಳಿದಿರಲಿಲ್ಲ. ಆರ್.ಸಿ.ಯಲ್ಲಿ ಹೆಸರಿರುವವರು 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಬೇಕು. ಸಾಲ ಕೊಟ್ಟವರು 35ನೆಯ ನಮೂನೆಯಲ್ಲಿ ಸಾಲ ತೀರಿತೆಂದು ಬರೆದುಕೊಡಬೇಕು. "ಅದೆಲ್ಲ ಆಮೇಲೆ ಮಾಡಿಸಿಕೊಳ್ಳಿ" ಎಂದರು ಅವರು. ತಂದೆಯವರು ಹಣವನ್ನು ಮತ್ತೆ ಜೇಬಿನೊಳಕ್ಕೆ ಸೇರಿಸಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ಒಳಗೊಳಗೇ ಹೆಮ್ಮೆ. ಬಿ.ಎ. ಓದಿ ಏನು ಮಾಡುತ್ತೀಯೆಂದು ಕೇಳುವವರಿಗೆ ಇನ್ನು ಉತ್ತರವಿದೆಯೆಂದುಕೊಂಡೆ. ತಂದೆಯವರಿಗೆ ಪಾಠವನ್ನೂ ಶುರುಮಾಡಿದೆ: 1988ರ ಮೋಟಾರು ವಾಹನ ಕಾಯಿದೆಯಂತೆ, ರಾಜ್ಯದೊಳಗೆ ಗಾಡಿ ಮಾರಿದವರು 14 ದಿನಗಳಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು, ಗಾಡಿ ಕೈ ಬದಲಾಗಿದ್ದರೂ ಆರ್.ಸಿ.ಯಲ್ಲಿ ಹೆಸರು ಉಳಿದವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ, ಇತ್ಯಾದಿ.

ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ನಮ್ಮ ಹಳೇ ಸ್ಕೂಟ್ರು ಯಾರ ಹೆಸರಲ್ಲಿದೆ, ನೋಡು ಮಗಾ" ಎಂದರು.

ಆರು ವರ್ಷದ ಹಿಂದೆ, ನನ್ನ ಹಾಸ್ಟೆಲ್ಲಿನ ಹಣಕ್ಕಾಗಿ, ಪರಿಚಯದವರೊಬ್ಬರಿಗೆ ಬರಿಯ ಮಾತಿನ ಮೇಲೆ ಕೊಟ್ಟ ಸ್ಕೂಟರು ಅದು. ಸಂಖ್ಯೆ ಅವರಿಗೆ ಇನ್ನೂ ಬಾಯಿಪಾಠ. ಒತ್ತಿ ನೋಡಿದೆ. ಅದು ತಂದೆಯವರ ಹೆಸರಿನಲ್ಲೇ ಇತ್ತು.

ನನ್ನ ಹೆಮ್ಮೆ ಅಲ್ಲೇ ಇಳಿಯಿತು. ಮಾರಿದ್ದು ಅವರಾದರೂ, ಅಂದು ಆರ್.ಸಿ.ಯನ್ನು ಕೊಟ್ಟು ಬಂದವನು ನಾನೇ; ಅದರಲ್ಲಿ ಏನು ಬರೆದಿದೆಯೆಂದು ಬಿಡಿಸಿ ಸಹ ನೋಡಿರಲಿಲ್ಲ.

ಮರುದಿನ ನಾವಿಬ್ಬರೂ ನಮೂನೆಗಳನ್ನು ಹಿಡಿದು ಸ್ಕೂಟರಿನವರನ್ನು ಹುಡುಕಿಕೊಂಡು ಹೋದೆವು. ಬೊಲೆರೊ ಇನ್ನೂ ಬಂದಿಲ್ಲ. ಅಜ್ಜಿ ದಿನವೂ ಕೇಳುತ್ತಾಳೆ.