ಕಣದ ಕಾಫಿ, ಕೈಯ ಫೋನು

ಹುದಿಕೇರಿಯಂಥ ಊರಿನಲ್ಲಿ ನೆರೆಮನೆಯೆಂದರೆ ಗೋಡೆಯಾಚೆಯ ಮನೆಯಲ್ಲ. ಒಂದು ಗದ್ದೆ, ಒಂದು ತೋಟ ದಾಟಿದ ಮೇಲೆ ಕಾಣುವ ಮನೆ. ಹೀಗೆ ಚದುರಿ ಬಾಳುವ ಕಾಫಿ ಬೆಳೆಗಾರನಿಗೆ ಪೇಟೆಯ ಸುದ್ದಿ ತಿಳಿಯುವುದಾದರೂ ಹೇಗೆ?

ಹಿಂದೆ ಆ ಚಿಂತೆ ಅಷ್ಟಿರಲಿಲ್ಲ. ಬೆಳೆದುದನ್ನು ಕಾಫಿ ಮಂಡಳಿಗೆ ಒಪ್ಪಿಸಿದರಾಯಿತು. ಹಣ ಕಂತುಕಂತಾಗಿ, ತನಗೆ ತೋಚಿದಾಗ ಬರುತ್ತಿತ್ತು! 1996ರಲ್ಲಿ ಆ ಕಟ್ಟು ಪೂರ್ತಿ ಬಿಚ್ಚಿತು. ಬೆಳೆಗಾರ ಸ್ವತಂತ್ರನಾದ, ಜೊತೆಗೆ ವ್ಯಾಪಾರಿಯೂ ಆಗಬೇಕಾಯಿತು. ಕಣದಲ್ಲಿ ಒಣಗಿದ ರೋಬಸ್ಟಾವನ್ನು ಇಂದೇ ಮಾರುವುದೋ, ಇನ್ನೊಂದು ವಾರ ತಡೆಯುವುದೋ? ತಡೆಯುವುದಕ್ಕೂ ಕಸುವು ಬೇಕು. ಕೊಯ್ಲಿನ ಕೂಲಿ, ಮಕ್ಕಳ ಶಾಲೆಯ ಶುಲ್ಕ ಇವು ತಡೆಯುವಂಥವಲ್ಲ. ಧಾರಣೆಯನ್ನು ಕೊಳ್ಳಬಂದವನ ಬಾಯಿಂದಲೇ ಕೇಳಬೇಕಾದವನು ಅರ್ಧ ಸೋತಂತೆಯೇ.

ಈಗ ಧಾರಣೆ ಫೋನಿನಲ್ಲಿಯೇ ಬರುತ್ತದೆ; ಲಂಡನ್ನಿನ ಪೇಟೆಯ ಏರಿಳಿತ ವಾಟ್ಸಾಪ್ ಗುಂಪಿಗೆ ತಲುಪುತ್ತದೆ. ಕಾಫಿ ಮಂಡಳಿಯು 2018ರಲ್ಲಿ ಆರಂಭಿಸಿದ ‘ಕಾಫಿ ಕೃಷಿ ತರಂಗ’ವಂತೂ ಕನ್ನಡದಲ್ಲಿ, ಧ್ವನಿಯ ಮೂಲಕವೇ ಸಲಹೆ ನೀಡಿತು. ಅಕ್ಷರ ಬಾರದವನಿಗೂ ಒದಗುವ ಈ ಉಪಾಯ ಮೆಚ್ಚತಕ್ಕದ್ದು. ರೋಬಸ್ಟಾದ ತವರಾದ ಆಫ್ರಿಕದಲ್ಲಿಯೂ ಇಂಥದೇ ಜಾಣ್ಮೆ ಗೆದ್ದಿದೆ. ಕೀನ್ಯದಲ್ಲಿ 2007ರಲ್ಲಿ ಮೊದಲಾದ ಎಂ-ಪೆಸಾ ದುಬಾರಿ ಯಂತ್ರವನ್ನು ಬೇಡಲಿಲ್ಲ. ಸಣ್ಣ ವ್ಯಾಪಾರಿ ತನ್ನ ಸಾಮಾನ್ಯ ಫೋನಿನಿಂದಲೇ ಹಣ ಕಳುಹಿಸಿದ, ಪಡೆದ.

ಕಕ್ಕಡದ ಮಳೆಯಲ್ಲಿ ಮರ ಉರುಳಿ ತಂತಿ ಹರಿದರೆ ಇದೆಲ್ಲವೂ ಮೂಕವಾಗುವುದುಂಟು. ಅದಿರಲಿ, ಮಳೆಗೆ ಯಾರೇನು ಮಾಡಿಯಾರು? ಸೋಜಿಗವೆಂದರೆ, ಒಂದೇ ಗುಂಪಿನಲ್ಲಿ ಒಂದೇ ಧಾರಣೆಯನ್ನು ಓದಿದ ಹತ್ತು ಮಂದಿ, ಒಟ್ಟುಗೂಡಿ ಚೌಕಾಸಿ ಮಾಡಬಹುದಾದವರು, ತಮ್ಮ ತಮ್ಮ ಚೀಲಗಳನ್ನು ಹತ್ತು ಬೇರೆ ಜೀಪುಗಳಲ್ಲಿ ಸಾಗಿಸಿ ಹತ್ತು ಬಾಗಿಲಲ್ಲಿ ನಿಲ್ಲುತ್ತಾರೆ.